ಕಡಲಿಗಿಳಿಯುವ ಮುನ್ನ

ಈ ಪತ್ರಿಕೆಯ ಓದುಗ ಬಂಧುಗಳಲ್ಲಿ ಹೆಚ್ಚಿನವರು ನನ್ನಂತೆಯೇ ಬಯಲುಸೀಮೆಯವರು. ನಮಗೆ ನೀರೆಂದರೆ ಬಾವಿ, ಕೆರೆ, ಹೊಳೆ, ಬಹಳವಾದರೆ ಕಾಲುವೆ. ಸಮುದ್ರವೆಂಬುದು ಗೋಕರ್ಣಕ್ಕೋ ಮುರುಡೇಶ್ವರಕ್ಕೋ ಹೋದಾಗ, ಮಕ್ಕಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು, ಕಾಲು ತೋಯಿಸಿ, ನಮಸ್ಕರಿಸಿ ಹಿಂದಿರುಗುವ ಸ್ಥಳ. ಅಂತಹ ನಾನು ಐವತ್ತೊಂದನೆಯ ವಯಸ್ಸಿನಲ್ಲಿ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಅರಬ್ಬಿ ಸಮುದ್ರದೊಳಗೆ ಇಳಿದುಬಂದೆನೆಂದರೆ ನೆರೆಹೊರೆಯವರು ಇಂದಿಗೂ ನಗುತ್ತಾರೆ. ನಗಲಿ. ನೀರಿನೊಳಗೆ ಕಂಡ ಮೀನುಗಳ ಬಣ್ಣವನ್ನು ವರ್ಣಿಸುವುದು ಈ ಬರಹದ ಉದ್ದೇಶವಲ್ಲ. ಅದನ್ನು ದೂರದರ್ಶನದಲ್ಲಿ ಯಾರಾದರೂ ನೋಡಬಹುದು. ನೀರಿಗಿಳಿಯುವ ಮುನ್ನ ಮೈಗೆ ಕಟ್ಟಿಕೊಳ್ಳಬೇಕಾದ ಸಲಕರಣೆಗಳೊಡನೆ ನಾನು ಪಟ್ಟ ಪಾಡನ್ನೂ, ಅದರಿಂದ ನನ್ನ ಸ್ವಭಾವದ ಬಗ್ಗೆಯೇ ನನಗೆ ತಿಳಿದುಬಂದ ಒಂದು ಸಂಗತಿಯನ್ನೂ ಹೇಳಬೇಕಾಗಿದೆ.

ನನ್ನ ಮಗಳು ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾಳೆ. ಎರಡು ವರ್ಷಗಳ ಹಿಂದೆಯೇ ಈ ವಿದ್ಯೆಯನ್ನು ಕಲಿತು ಪ್ರಮಾಣಪತ್ರ ಪಡೆದಿದ್ದವಳು, 2023ರ ದೀಪಾವಳಿಗೆ ಮನೆಗೆ ಬಂದಾಗ ಪಟ್ಟು ಹಿಡಿದಳು. “ಅವ್ವಾ, ಬಾವ್ಯಾಗ ಈಸಾಕ ಬರ್ತೈತಿ ಅಂತ ಸಣ್ಣಾಕಿದ್ದಾಗಿಂದ ಹೇಳ್ತಾ ಬಂದೀ. ಈಗ ತೋರಿಸು ನೋಡೋಣು” ಎಂದಳು. ಈಸಲು ಬರುತ್ತಿದ್ದುದೇನೋ ನಿಜ. ತವರೂರಿನ ತೋಟದ ಬಾವಿಯಲ್ಲಿ ಅಪ್ಪ ನನ್ನ ಬೆನ್ನಿಗೆ ಒಣಗಿದ ಸೋರೆಬುರುಡೆಗಳನ್ನು ಕಟ್ಟಿ ಈಜು ಕಲಿಸಿದ್ದರು. ಆ ಬುರುಡೆಗಳ ಹಗ್ಗವನ್ನು ಅವರೇ ಮೂರು ಸಲ ಎಳೆದು ನೋಡಿ, ಅನಂತರವೇ ನನ್ನನ್ನು ನೀರಿಗೆ ಬಿಡುತ್ತಿದ್ದರು. ನಾನು ಒಂದು ದಿನವಾದರೂ ಆ ಗಂಟನ್ನು ಮುಟ್ಟಿ ನೋಡಿದವಳಲ್ಲ. ವೈದ್ಯರಿಂದ ದೃಢೀಕರಣ ಬರೆಸಿಕೊಂಡು, ಮನೆಯವರ ಗೊಣಗಾಟವನ್ನು ಸಹಿಸಿಕೊಂಡು, ಡಿಸೆಂಬರ್ ತಿಂಗಳಿನಲ್ಲಿ ತಾಯಿ-ಮಗಳು ಮುರುಡೇಶ್ವರಕ್ಕೆ ಹೊರಟೆವು. ಎರಡು ದಿನ ಈಜುಕೊಳದಲ್ಲಿ ಅಭ್ಯಾಸ, ಎರಡು ದಿನ ಸಮುದ್ರದಲ್ಲಿ ನಾಲ್ಕು ಮುಳುಗು. ಅದು ಮುಗಿದರೆ 18 ಮೀಟರ್ ಆಳದವರೆಗೆ ಜೊತೆಗಾರರೊಡನೆ ಇಳಿಯುವ ಅರ್ಹತೆ ದೊರೆಯುತ್ತದೆ.

ಮೊದಲ ದಿನದ ಅನುಭವವನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. ಕನ್ನಡಕದಂತಹ ಮಾಸ್ಕನ್ನು ಮುಖಕ್ಕೆ ಹಾಕಿಕೊಂಡು ತಲೆಯನ್ನು ನೀರಿನಲ್ಲಿ ಮುಳುಗಿಸಿದ ಕೂಡಲೇ ಮೂಗಿನ ಬಳಿ ನೀರು ತುಂಬಿಕೊಳ್ಳತೊಡಗಿತು. ಮೇಲೆದ್ದು ಪಟ್ಟಿಯನ್ನು ಇನ್ನಷ್ಟು ಬಿಗಿದುಕೊಂಡೆ. ನೀರು ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಮತ್ತೆ ಬಿಗಿದೆ. ಹಣೆಯ ಮೇಲೆ ಬರೆ ಮೂಡಿತು, ತಲೆ ಸಿಡಿಯತೊಡಗಿತು. ಉಳಿದ ಮೂವರು ವಿದ್ಯಾರ್ಥಿಗಳೂ ನನ್ನ ಮಗಳಿಗಿಂತ ಚಿಕ್ಕವರು. ಅವರೆಲ್ಲ ಕೊಳದ ತಳದಲ್ಲಿ ಮಂಡಿಯೂರಿ ಕುಳಿತು ಮುಂದಿನ ಪಾಠಕ್ಕೆ ಸಿದ್ಧರಾಗಿದ್ದರು. ಇದು ನನ್ನದೇ ದೋಷ, ವಯಸ್ಸಾದವಳಿಗೆ ಇದು ಒಗ್ಗುವುದಿಲ್ಲ ಎಂದು ನಿಶ್ಚಯಿಸಿಕೊಂಡು, ಮೂಗಿಗೆ ಬಂದ ನೀರನ್ನು ನುಂಗುತ್ತ ಒಂದು ಗಂಟೆ ಕಾಲ ಯಾರಿಗೂ ಹೇಳದೆ ಕಳೆದೆ. ಕೊನೆಗೆ ಕೆಮ್ಮು ಬಂದು ಗುಟ್ಟು ರಟ್ಟಾಯಿತು.

ಶಿಕ್ಷಕ ತರುಣರು ಕರಾವಳಿಯವರು, ಮಿತಭಾಷಿಗಳು. “ಅಮ್ಮಾ, ಯಾಕೆ ಹೇಳಲಿಲ್ಲ?” ಎಂದಷ್ಟೇ ಕೇಳಿ ಮಾಸ್ಕನ್ನು ಬಿಚ್ಚಿಸಿದರು. ಪಟ್ಟಿಯನ್ನು ತಲೆಗೆ ಹಾಕದೆಯೇ ಅದನ್ನು ಮುಖಕ್ಕೆ ಮೆಲ್ಲನೆ ಒತ್ತಿ, ಮೂಗಿನಿಂದ ಉಸಿರನ್ನು ತುಸು ಒಳಗೆಳೆದುಕೊಳ್ಳುವಂತೆ ಹೇಳಿದರು. ಅಳತೆ ಸರಿಯಿದ್ದರೆ ಕೈ ಬಿಟ್ಟರೂ ಮಾಸ್ಕು ಮುಖಕ್ಕೆ ಅಂಟಿಕೊಂಡೇ ಇರಬೇಕು. ನನ್ನದು ತಟ್ಟನೆ ಕೆಳಗೆ ಬಿತ್ತು. ನನ್ನ ಮುಖ ಕಿರಿದು, ಮಾಸ್ಕು ಅಗಲ. ಸಾಲದ್ದಕ್ಕೆ ಕಿವಿಯ ಮುಂದಿನ ನಾಲ್ಕಾರು ಕೂದಲುಗಳು ಅದರ ಮೆತ್ತನೆಯ ಅಂಚಿನ ಕೆಳಗೆ ಸಿಕ್ಕಿಕೊಂಡು, ನೀರು ಒಳಬರಲು ಕಾಲುವೆ ತೋಡಿದ್ದವು. ಪಟ್ಟಿಯನ್ನು ಅತಿಯಾಗಿ ಬಿಗಿದುದರಿಂದ ಆ ಮೆದು ಅಂಚು ಮಡಚಿಕೊಂಡು ಕೆಲಸವೇ ಕೆಟ್ಟಿತ್ತು. ಮಾಸ್ಕನ್ನು ಮುಖದ ಮೇಲೆ ನಿಲ್ಲಿಸುವುದು ನೀರಿನ ಒತ್ತಡವೇ ಹೊರತು ಪಟ್ಟಿಯ ಬಿಗಿತವಲ್ಲವಂತೆ. ಪಟ್ಟಿ ಕೇವಲ ಜಾರದಂತೆ ಕಾಯುತ್ತದೆ. ಮೂರನೆಯ ಮಾಸ್ಕು ನನ್ನ ಮುಖಕ್ಕೆ ಸರಿಯಾಗಿ ಕುಳಿತುಕೊಂಡಿತು. ಹೊಂದುವ ಮಾಸ್ಕು ಪಕ್ಕದ ಬುಟ್ಟಿಯಲ್ಲಿಯೇ ಇದ್ದಾಗ, ಹೊಂದದ ಮಾಸ್ಕಿನೊಡನೆ ಹೊಂದಿಕೊಳ್ಳಲು ನಾನು ಒಂದು ಗಂಟೆ ಹೆಣಗಿದ್ದೆ. (ಮೀಸೆಯುಳ್ಳ ಗಂಡಸರಿಗೆ ಇದೇ ತೊಂದರೆ ಮೂಗಿನ ಕೆಳಗೆ ಬರುತ್ತದೆ. ನಮ್ಮ ಕಡೆಯ ಹುರಿಮೀಸೆಯ ಗೌಡರು ಈ ವಿದ್ಯೆಗೆ ಮನಸ್ಸು ಮಾಡಿದರೆ ಮೂಗಿನಡಿಯ ಒಂದೆಳೆ ಮೀಸೆಯನ್ನಾದರೂ ತ್ಯಾಗ ಮಾಡಬೇಕಾದೀತು.)

ಗಾಜಿಗೆ ಮಂಜು ಕವಿಯುವುದು ಇನ್ನೊಂದು ಪೀಡೆ. ಹೊಸ ಮಾಸ್ಕಿನ ಗಾಜಿನ ಮೇಲೆ ತಯಾರಿಕೆಯ ಕಾಲದ ತೆಳುಪೊರೆಯೊಂದು ಉಳಿದಿರುತ್ತದೆ. ಅದನ್ನು ಹಲ್ಲುಜ್ಜುವ ಪೇಸ್ಟಿನಿಂದ ತಿಕ್ಕಿ ತೆಗೆಯಬೇಕು. ಅನಂತರವೂ ಪ್ರತಿ ಸಲ ಇಳಿಯುವ ಮುನ್ನ ಒಳಭಾಗಕ್ಕೆ ಉಗುಳು ಸವರಿ ನೀರಿನಲ್ಲಿ ಅದ್ದಿ ಹಾಕಿಕೊಳ್ಳಬೇಕು. ಎಂಜಲೆಂದರೆ ಮಾರು ದೂರ ಸರಿಯುವ ಮನೆಯಲ್ಲಿ ಬೆಳೆದ ನನಗೆ ಇದು ಸಮುದ್ರಕ್ಕಿಂತ ಕಠಿಣವಾದ ಪರೀಕ್ಷೆಯಾಯಿತೆಂದರೆ ಅತಿಶಯೋಕ್ತಿಯಲ್ಲ.

ಇನ್ನು ಬೆನ್ನಿಗೇರುವ ಜಾಕೀಟು. ಅದರೊಳಗೆ ಗಾಳಿಯ ಚೀಲವಿರುತ್ತದೆ. ಗಾಳಿ ತುಂಬಿದರೆ ತೇಲುತ್ತೇವೆ, ಬಿಟ್ಟರೆ ಇಳಿಯುತ್ತೇವೆ. ಸಿಲಿಂಡರನ್ನು ಅದರ ಹಿಂಭಾಗಕ್ಕೆ ಪಟ್ಟಿಯಿಂದ ಬಿಗಿಯುತ್ತಾರೆ. ಮೊದಲ ದಿನ ನನಗೆ ದೊರೆತದ್ದು ಯಾರೋ ಆಜಾನುಬಾಹುವಿಗೆ ಹೊಲಿದ ಜಾಕೀಟು. ಗಾಳಿ ತುಂಬಿದೊಡನೆ ಅದು ಕಿವಿಯವರೆಗೆ ಏರಿ, ನಾನು ಮಾತ್ರ ಕೆಳಗೇ ಉಳಿದು, ಗೋಣಿಚೀಲದೊಳಗಿನ ಕೋಳಿಯಂತೆ ಕಾಣುತ್ತಿದ್ದೆನೆಂದು ಮಗಳು ಆಮೇಲೆ ಹೇಳಿದಳು. ಚಿಕ್ಕ ಅಳತೆಯದು ಬಂದ ಮೇಲೆ ಇನ್ನೊಂದು ತೊಡಕು: ಈಜುತ್ತಿರುವಾಗಲೇ ಸಿಲಿಂಡರು ಪಟ್ಟಿಯಿಂದ ಕೆಳಕ್ಕೆ ಜಾರತೊಡಗಿತು. ಕಾರಣ ಬಹಳ ಸರಳ. ನೈಲಾನ್ ಪಟ್ಟಿ ಒಣಗಿದ್ದಾಗ ಬಿಗಿದರೆ, ನೀರಿನಲ್ಲಿ ನೆನೆದು ಸಡಿಲವಾಗುತ್ತದೆ. ಆದುದರಿಂದ ಮೊದಲು ಪಟ್ಟಿಯನ್ನು ತೋಯಿಸಿ, ಆಮೇಲೆ ಬಿಗಿದು, ಸಿಲಿಂಡರಿನ ಕುತ್ತಿಗೆಯನ್ನು ಹಿಡಿದು ಜಾಕೀಟು ಸಮೇತ ಎತ್ತಿ ಅಲ್ಲಾಡಿಸಿ ನೋಡಬೇಕು. ಚಕ್ಕಡಿಯ ಮೇಲೆ ಹೊರೆ ಬಿಗಿಯುವ ನಮ್ಮ ರೈತರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಹಗ್ಗ ಬಿಗಿದ ಮೇಲೆ ಒಮ್ಮೆ ಜಗ್ಗಿ ನೋಡದೆ ಎತ್ತನ್ನು ಹೊಡೆಯುವ ರೈತನನ್ನು ನಾನು ಕಂಡಿಲ್ಲ.

ತೂಕದ ವಿಷಯವೂ ಸೋಜಿಗದ್ದೇ. ತೇಲುವ ಮೈಯನ್ನು ಕೆಳಗಿಳಿಸಲು ಸೊಂಟದ ಪಟ್ಟಿಗೆ ಸೀಸದ ಗುಂಡುಗಳನ್ನು ಪೋಣಿಸುತ್ತಾರೆ. ಸಾಮಾನ್ಯವಾಗಿ ಬಳಸುವ ಅಲ್ಯುಮಿನಿಯಂ ಸಿಲಿಂಡರಿನ ಒಳಗಾತ್ರ ಸುಮಾರು 11 ಲೀಟರು. ಅದರೊಳಗೆ 200 ಪಟ್ಟು ಒತ್ತಿ ತುಂಬಿದ ಗಾಳಿಯ ತೂಕವೇ ಎರಡೂವರೆ ಕಿಲೋಗಿಂತ ತುಸು ಹೆಚ್ಚು. ಉಸಿರಾಡುತ್ತ ಹೋದಂತೆ ಈ ತೂಕ ಕರಗಿ, ಕೊನೆಯಲ್ಲಿ ಮೈ ಮೇಲಕ್ಕೆ ತೇಲಲು ಹವಣಿಸುತ್ತದೆ. ಗಾಳಿಗೆ ತೂಕವಿದೆಯೆಂದು ಶಾಲೆಯಲ್ಲಿ ಓದಿದ್ದೆ. ಅದು ನನ್ನ ಬೆನ್ನ ಮೇಲೆ ಕುಳಿತು ಕ್ರಮೇಣ ಇಳಿದುಹೋದ ಬಳಿಕವೇ ನಂಬಿದೆ.

ಈ ನಡುವೆ ಎದುರಾದ ಒಂದು ಧರ್ಮಸೂಕ್ಷ್ಮವನ್ನು ಇಲ್ಲಿ ಹೇಳದೆ ಇರಲಾರೆ. ಕೊರಳಿನಲ್ಲಿ ನೇತಾಡುವ ಯಾವುದೂ ಇರಕೂಡದೆಂದು ಶಿಕ್ಷಕರು ಎಲ್ಲರಿಗೂ ತಿಳಿಸಿದರು. ಉಸಿರಿನ ಕೊಳವೆಗೋ ಜಾಕೀಟಿನ ಬಕಲಿಗೋ ಸಿಕ್ಕಿಕೊಂಡರೆ ಅಪಾಯವೆಂಬುದು ಅವರ ಕಾರಣ. ಅದು ನ್ಯಾಯವಾದ ಕಾರಣವೂ ಹೌದು. ಆದರೆ ದೀಕ್ಷೆಯಾದಂದಿನಿಂದ ನನ್ನ ಮೈಯಿಂದ ಇಷ್ಟಲಿಂಗ ಬೇರ್ಪಟ್ಟುದಿಲ್ಲ. ಬೆಳ್ಳಿಯ ಕರಡಿಗೆಯನ್ನು ನೋಡಿ ಅವರು ಅದನ್ನು ತಾಯಿತವೆಂದು ಭಾವಿಸಿದ್ದರು. ಕರಡಿಗೆಗೆ ಬೇರೊಂದು ತೊಂದರೆಯೂ ಇತ್ತು: ಅದು ಟೊಳ್ಳು, ಒಳಗೆ ಗಾಳಿ. ನೀರಿನಲ್ಲಿ 10 ಮೀಟರ್ ಇಳಿದರೆ ಒತ್ತಡ ಎರಡು ಪಟ್ಟಾಗಿ, ಒಳಗಿನ ಗಾಳಿ ಅರ್ಧಕ್ಕೆ ಕುಗ್ಗುತ್ತದೆ. ಬೆಳ್ಳಿಯ ಸಂದಿನಿಂದ ಉಪ್ಪುನೀರು ನುಗ್ಗದೆ ಇರದು. ಏನು ಮಾಡುವುದೆಂದು ತಿಳಿಯದೆ ಊರಿಗೆ ದೂರವಾಣಿ ಮಾಡಿ ಅತ್ತೆಯವರನ್ನು ಕೇಳಿದೆ. ಎಂಬತ್ತು ದಾಟಿದ ಅವರು ಗಾಬರಿಯಾಗುವರೆಂದು ನಾನು ಅಂದುಕೊಂಡಿದ್ದೆ. ಅವರು ಒಂದು ಕ್ಷಣ ಸುಮ್ಮನಿದ್ದು, “ಕರಡಿಗಿ ಅಂದ್ರ ಬೆಳ್ಳಿ, ಲಿಂಗ ಅಲ್ಲವಾ. ನಿಮ್ಮ ಮಾವ್ನೋರು ಬಾವಿ ತೋಡಸಾಕ ಇಳಿದಾಗೆಲ್ಲಾ ವಸ್ತ್ರದಾಗ ಸುತ್ತಿ ರಟ್ಟಿಗೆ ಕಟ್ಟಿಕೊಂತಿದ್ರು. ನೀ ಎದೀಗೆ ಕಟ್ಟಿಕೋ. ಗಂಟು ಎರಡ ಹಾಕು” ಎಂದರು. ಬಿಳಿಯ ವಸ್ತ್ರದಲ್ಲಿ ಸುತ್ತಿ, ಎದೆಗೆ ಅಡ್ಡಲಾಗಿ ಕಟ್ಟಿ, ಅದರ ಮೇಲೆ ಬಿಗಿಯಾದ ರಬ್ಬರಿನ ವೆಟ್‌ಸೂಟನ್ನು ಧರಿಸಿದೆ. ಹೊರಗೆ ಎಳೆದಾರವೂ ಕಾಣದುದನ್ನು ನೋಡಿ ಶಿಕ್ಷಕರು ಒಪ್ಪಿಕೊಂಡರು. ಪೂಜೆಯ ಹೊತ್ತಿಗೆ ಬಿಚ್ಚಿ ಸಿಹಿನೀರಿನಿಂದ ಮಜ್ಜನ ಮಾಡಿಸಿ ಮತ್ತೆ ಕರಡಿಗೆಗೆ ಏರಿಸುತ್ತಿದ್ದೆ. ಇದು ಸರಿಯೋ ತಪ್ಪೋ ಎಂದು ಶಾಸ್ತ್ರ ಬಲ್ಲವರು ಹೇಳಬೇಕು. ನನಗಂತೂ ಅತ್ತೆಯವರ ಮಾತು ಸಾಕಾಯಿತು.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಜೋಡಣೆ, ಸಿಲಿಂಡರಿಗೂ ಉಸಿರಿನ ರೆಗ್ಯುಲೇಟರಿಗೂ ಇರುವ ಸಂಬಂಧ. ಇದನ್ನು ಗೃಹಿಣಿಯರು ಬೇಗ ಅರಿತುಕೊಳ್ಳಬಲ್ಲರು. ನಮ್ಮ ಅಡುಗೆಮನೆಯ ಗ್ಯಾಸಿನ ಸಿಲಿಂಡರಿನ ಬಾಯಲ್ಲಿ ಒಂದು ಚಿಕ್ಕ ರಬ್ಬರ್ ಉಂಗುರವಿರುತ್ತದೆ, ವಾಶರ್ ಎನ್ನುತ್ತೇವೆ. ಅದು ಹರಿದಿದ್ದರೆ ಅಥವಾ ಇಲ್ಲದಿದ್ದರೆ ರೆಗ್ಯುಲೇಟರ್ ಕೂಡಿಸಿದೊಡನೆ ಸುಯ್ ಎಂಬ ಸದ್ದು, ಅದರ ಹಿಂದೆಯೇ ವಾಸನೆ. ಮುಳುಗುವವರ ಸಿಲಿಂಡರಿನ ಬಾಯಲ್ಲಿಯೂ ಅಂತಹದೇ ಉಂಗುರವಿದೆ. ಆದರೆ ಅಡುಗೆ ಅನಿಲದ ಒತ್ತಡ ಸಾಮಾನ್ಯವಾಗಿ ಹೊರಗಿನ ಗಾಳಿಯ ಹತ್ತು ಪಟ್ಟನ್ನು ಮೀರದು. ಇಲ್ಲಿ 200 ಪಟ್ಟು, ಎಂದರೆ ಕಾರಿನ ಟೈರಿನಲ್ಲಿರುವುದಕ್ಕಿಂತ ಹೆಚ್ಚುಕಡಿಮೆ ನೂರು ಪಟ್ಟು.

ನಾನು ಮೊದಲ ಸಲ ರೆಗ್ಯುಲೇಟರನ್ನು ಕೂಡಿಸಿದಾಗ, ಸೋರಬಾರದೆಂಬ ಭಯದಿಂದ ಅದರ ತಿರುಪನ್ನು ಎರಡೂ ಕೈಗಳಿಂದ ಹಲ್ಲುಕಚ್ಚಿ ತಿರುವಿದೆ. ವಾಲ್ವ್ ತೆರೆದದ್ದೇ ತಡ, ಕಿವಿ ಕಿವುಡಾಗುವಂತೆ ಗಾಳಿ ಸಿಡಿಯಿತು. ನಾನು ಏನನ್ನೋ ಒಡೆದುಹಾಕಿದೆನೆಂದು ಹಿಂದಕ್ಕೆ ಜಿಗಿದೆ. ಶಿಕ್ಷಕರು ಬಂದು ವಾಲ್ವ್ ಮುಚ್ಚಿ, ಬಾಯಿಗಿಟ್ಟುಕೊಳ್ಳುವ ಭಾಗದ ಗುಂಡಿಯನ್ನು ಒತ್ತಿ, ಒಳಗೆ ಉಳಿದ ಗಾಳಿಯನ್ನು ಹೊರಬಿಟ್ಟರು. ಹಾಗೆ ಬಿಡದೆ ತಿರುಪನ್ನು ಸಡಿಲಿಸಲು ಹೋದರೆ ಒಳಗಿನ ಒತ್ತಡದಿಂದ ಅದು ಅಲುಗುವುದೂ ಇಲ್ಲ. ಬಿಚ್ಚಿ ನೋಡಿದರೆ, ಉಂಗುರ ತನ್ನ ತೋಡಿನಿಂದ ಒಂದು ಕಡೆ ಹೊರಬಂದು ನಜ್ಜಾಗಿತ್ತು. ನಾನು ರೆಗ್ಯುಲೇಟರನ್ನು ಸೊಟ್ಟಗೆ ಕೂಡಿಸಿ ಬಲ ಪ್ರಯೋಗಿಸಿದ್ದೆ. ಅವರು ಹೊಸ ಉಂಗುರ ಹಾಕಿ, ತಿರುಪನ್ನು ಎರಡೇ ಬೆರಳುಗಳಿಂದ ತಿರುವಿ ನಿಲ್ಲಿಸಿದರು. ವಾಲ್ವ್ ತೆರೆದಾಗ ನಿಶ್ಶಬ್ದ. ಉಪ್ಪಿನಕಾಯಿ ಭರಣಿಯ ಮುಚ್ಚಳವನ್ನು ಬಿಗಿದಂತೆ ಬಿಗಿಯಬೇಕಾಗಿಲ್ಲ. ಒಳಗಿನ ಒತ್ತಡವೇ ಉಂಗುರವನ್ನು ಸಂದಿಗೆ ಒತ್ತಿ ಹಿಡಿಯುತ್ತದೆ. ಒತ್ತಡ ಹೆಚ್ಚಿದಷ್ಟೂ ಅದು ಗಟ್ಟಿಯಾಗಿ ಕುಳಿತುಕೊಳ್ಳುತ್ತದೆ, ನೆಟ್ಟಗೆ ಕೂಡಿಸಿದ್ದರೆ, ಹರಿಯದೆ ಇದ್ದರೆ, ಮರಳಿನ ಕಣವೊಂದು ಅಡಿಯಲ್ಲಿ ಸಿಕ್ಕಿರದಿದ್ದರೆ. ರೆಗ್ಯುಲೇಟರೇ ಸಿಲಿಂಡರಿನೊಳಕ್ಕೆ ತಿರುಪಿಕೊಳ್ಳುವ ಇನ್ನೊಂದು ಬಗೆಯೂ ಉಂಟು. ಅದರಲ್ಲಿ ಉಂಗುರ ರೆಗ್ಯುಲೇಟರಿನ ಕಡೆಗೇ ಇದ್ದು, ಹೊರಗೆ ಜಾರಲು ಎಡೆಯಿಲ್ಲದುದರಿಂದ ಹೆಚ್ಚು ಭದ್ರ. ಒಂದಕ್ಕೆ ಇನ್ನೊಂದು ಹೊಂದುವುದಿಲ್ಲವಾದ್ದರಿಂದ ಹೊಸಬರು ಸಿಲಿಂಡರು ಯಾವ ಬಗೆಯದೆಂದು ದಡದಲ್ಲಿಯೇ ನೋಡಿಕೊಳ್ಳಬೇಕು.

ಈ ರಬ್ಬರ್ ಉಂಗುರಕ್ಕೆ ಪೇಟೆಂಟ್ ಕೋರಿದವರು ಡೆನ್ಮಾರ್ಕಿನಿಂದ ಅಮೆರಿಕೆಗೆ ಹೋಗಿ ನೆಲೆಸಿದ ನೀಲ್ಸ್ ಕ್ರಿಸ್ಟೆನ್ಸನ್. 1937ರಲ್ಲಿ ಅವರು ಅರ್ಜಿ ಸಲ್ಲಿಸಿದಾಗ ಅವರಿಗೆ 72 ವರ್ಷ. ಐವತ್ತೊಂದಕ್ಕೇ ವಯಸ್ಸಾಯಿತೆಂದು ಕೊರಗುತ್ತಿದ್ದ ನನಗೆ ಈ ಸಂಗತಿ ತುಂಬ ಸಮಾಧಾನ ಕೊಟ್ಟಿತು. ಇಂತಹದೇ ಉಂಗುರ, ಗಾತ್ರದಲ್ಲಿ ಬಹಳ ದೊಡ್ಡದು, ಚಳಿಗೆ ಸೆಡೆತು ತನ್ನ ಸಂದನ್ನು ಮುಚ್ಚಲಾರದೆ ಹೋದುದರಿಂದಲೇ 1986ರ ಜನವರಿ 28ರಂದು ಅಮೆರಿಕೆಯ ಚಾಲೆಂಜರ್ ನೌಕೆ ಆಕಾಶದಲ್ಲಿ ನಾಶವಾಗಿ ಏಳು ಮಂದಿ ಅಸುನೀಗಿದರು. ರೆಗ್ಯುಲೇಟರಿನ ಕಥೆಯೂ ಅಡುಗೆಮನೆಯಿಂದ ಬಹಳ ದೂರದ್ದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನಲ್ಲಿ ಪೆಟ್ರೋಲು ಸಿಗದೆ ಕಾರುಗಳನ್ನು ಅನಿಲದಿಂದ ಓಡಿಸಬೇಕಾಯಿತು. ಅದಕ್ಕೆಂದು ಎಮಿಲ್ ಗಾನ್ಯಾ ಎಂಬ ಎಂಜಿನಿಯರು ರೂಪಿಸಿದ್ದ ವಾಲ್ವನ್ನೇ ನೌಕಾಪಡೆಯ ಜಾಕ್ ಕೂಸ್ಟೋ ಅವರೊಡನೆ ಸೇರಿ ನೀರಿನೊಳಗಿನ ಉಸಿರಾಟಕ್ಕೆ ಅಳವಡಿಸಿದರು. 1943ರ ಆರಂಭದಲ್ಲಿ ಪ್ಯಾರಿಸಿನ ಬಳಿಯ ಮಾರ್ನ್ ನದಿಯಲ್ಲಿ ಕೂಸ್ಟೋ ಅದನ್ನು ಪರೀಕ್ಷಿಸಿದಾಗ, ಅಡ್ಡಲಾಗಿ ಈಜುವಾಗ ಚೆನ್ನಾಗಿ ನಡೆಯುತ್ತಿದ್ದ ಉಪಕರಣ, ನೆಟ್ಟಗೆ ನಿಂತಾಗ ಗಾಳಿಯನ್ನು ಸುಮ್ಮನೆ ಸುರಿಸುತ್ತಿತ್ತು. ತಲೆಕೆಳಗಾದರೆ ಉಸಿರೇ ದೊರೆಯುತ್ತಿರಲಿಲ್ಲ. ಉಸಿರು ಹೊರಹೋಗುವ ಬಾಯಿಯೂ ಒಳಬರುವ ಬಾಯಿಯೂ ಬೇರೆ ಬೇರೆ ಎತ್ತರದಲ್ಲಿದ್ದುದೇ ದೋಷವೆಂದು ಇಬ್ಬರೂ ಕಂಡುಕೊಂಡು ಅವನ್ನು ಒಂದೇ ಮಟ್ಟಕ್ಕೆ ತಂದರು. ಆಗ ಸರಿಹೋಯಿತು. ಇದನ್ನು ಮಾಡಿದವರಿಗೇ ಮೊದಲ ದಿನ ಕೈಕೊಟ್ಟ ಉಪಕರಣ ನನಗೆ ಕೈಕೊಟ್ಟಿತೆಂದು ನಾಚುವುದೇಕೆ?

ಆದರೂ ಒಂದು ತಪ್ಪು ಸಂಪೂರ್ಣವಾಗಿ ನನ್ನದೇ. ಸಂಜೆ ಎಲ್ಲರೂ ಸಲಕರಣೆಗಳನ್ನು ತೊಳೆಯುತ್ತಿದ್ದಾಗ, ಪಾತ್ರೆ ತೊಳೆಯುವ ಕೈಗೆ ಸುಮ್ಮನಿರಲಾಗದೆ, ನಾನು ರೆಗ್ಯುಲೇಟರನ್ನು ನೀರಿನ ತೊಟ್ಟಿಯಲ್ಲಿ ಪೂರ್ತಿಯಾಗಿ ಮುಳುಗಿಸಿ ತೊಳೆದೆ. ಸಿಲಿಂಡರಿಗೆ ಕೂಡುವ ಅದರ ಬಾಯಿಗೆ ಪುಟ್ಟ ಮುಚ್ಚಳವೊಂದಿದೆ. ಅದನ್ನು ಒಣಗಿಸಿ ಮುಚ್ಚಿದ ಮೇಲೆಯೇ ನೀರು ತಾಗಿಸಬೇಕು. ಒಳಗೆ ನೀರು ಹೋದರೆ ಲೋಹಕ್ಕೆ ಕಿಲುಬು ಹಿಡಿದು ವಾಲ್ವ್ ಕೆಡುತ್ತದೆ. ಅಂದು ಆ ರೆಗ್ಯುಲೇಟರನ್ನು ಬಿಚ್ಚಿ ಸ್ವಚ್ಛಗೊಳಿಸಲು ಪಕ್ಕಕ್ಕೆ ಇರಿಸಬೇಕಾಯಿತು. ನಾನು ಹಣ ಕೊಡಲು ಮುಂದಾದರೆ ಶಿಕ್ಷಕರು ನಕ್ಕು, “ಹೇಳಿದಿರಲ್ಲ ಅಮ್ಮಾ, ಅದೇ ಸಾಕು. ಹೇಳದೆ ಇಟ್ಟಿದ್ದರೆ ನಾಳೆ ಯಾರ ಬಾಯಿಗೆ ಹೋಗುತ್ತಿತ್ತೋ” ಎಂದರು.

ಮೂರನೆಯ ದಿನ ನಾವು ನೇತ್ರಾಣಿಗೆ ಹೊರಟೆವು. ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ದೂರದ ನಿರ್ಜನ ದ್ವೀಪವದು. ಪಾರಿವಾಳದ ದ್ವೀಪವೆಂದೂ ಕರೆಯುತ್ತಾರೆ. ಭಾರತೀಯ ನೌಕಾಪಡೆ ಗುರಿಯ ಅಭ್ಯಾಸಕ್ಕೆ ಅದನ್ನು ಬಳಸಿದ್ದುಂಟು. ಮುಂಗಾರಿನ ತಿಂಗಳುಗಳಲ್ಲಿ ಅತ್ತ ಯಾರೂ ಸುಳಿಯುವುದಿಲ್ಲ. ಚಳಿಗಾಲದಲ್ಲಿ ನೀರು ತಿಳಿಯಾಗಿರುತ್ತದೆ. ಮೊದಲ ಎರಡು ಮುಳುಗುಗಳು ನಿರಾತಂಕವಾಗಿ ನಡೆದವು. ನಾಲ್ಕನೆಯ ದಿನ ಕೊನೆಯ ಮುಳುಗಿಗೆ ನನ್ನ ಜೊತೆಗಾತಿ ನನ್ನ ಮಗಳೇ ಎಂದು ಗೊತ್ತುಪಡಿಸಿದರು. ಶಿಕ್ಷಕರು ನಮ್ಮೊಡನೆಯೇ ಇರತಕ್ಕದ್ದು.

ನೀರಿಗಿಳಿಯುವ ಮುನ್ನ ಜೊತೆಗಾರರು ಒಬ್ಬರನ್ನೊಬ್ಬರು ಪರೀಕ್ಷಿಸುವ ಕ್ರಮವೊಂದಿದೆ. ಜಾಕೀಟಿನಲ್ಲಿ ಗಾಳಿ ತುಂಬುವುದೇ, ಬಿಡುವುದೇ, ತೂಕ ಸರಿಯಾಗಿದೆಯೇ, ಬಕಲುಗಳು ಎಲ್ಲಿವೆ, ಹೇಗೆ ಬಿಚ್ಚಬೇಕು, ಉಸಿರು ಸರಾಗವಾಗಿ ಬರುತ್ತಿದೆಯೇ. ಇಷ್ಟನ್ನು ಮುಟ್ಟಿ ನೋಡಬೇಕು. ಬೆನ್ನ ಹಿಂದಿರುವ ವಾಲ್ವನ್ನು ಯಾರೂ ತಾವೇ ನೋಡಿಕೊಳ್ಳಲಾರರು. ಉಸಿರನ್ನು ಪರೀಕ್ಷಿಸುವಾಗ ಗಾಳಿಯ ಒತ್ತಡ ತೋರಿಸುವ ಗೇಜಿನ ಮುಳ್ಳಿನ ಮೇಲೆ ಕಣ್ಣಿಟ್ಟು ನಾಲ್ಕು ಸಲ ದೀರ್ಘವಾಗಿ ಉಸಿರೆಳೆಯಬೇಕೆಂದು ನನಗೆ ಕಲಿಸಿದ್ದರು. ಮುಳ್ಳು ಅಲುಗಬಾರದು.

ಮಗಳು ನನ್ನನ್ನು ಚೆನ್ನಾಗಿಯೇ ಪರೀಕ್ಷಿಸಿದಳು. ತನ್ನ ಸರದಿ ಬಂದಾಗ, ದ್ವೀಪದ ಬಂಡೆಗಳತ್ತ ನೋಡುತ್ತ, ಎರಡು ಚಿಕ್ಕ ಉಸಿರೆಳೆದು, “ಎಲ್ಲಾ ಸರಿ ಐತಿ ಅವ್ವಾ, ನಡಿ” ಎಂದಳು. ನಾನು ಅವಳ ಗೇಜನ್ನು ಕೈಯಲ್ಲಿ ಹಿಡಿದಿದ್ದೆ. ಅವಳು ಉಸಿರೆಳೆದಾಗ ಮುಳ್ಳು 200ರಿಂದ ಕೆಳಕ್ಕೆ ಬಾಗಿ ಮತ್ತೆ ಮೇಲಕ್ಕೆ ಬಂದಂತೆ ಕಂಡಿತು. ದೋಣಿಯ ಓಲಾಟದಲ್ಲಿ ನನ್ನ ಕಣ್ಣೇ ತಪ್ಪಿತೇನೋ ಎನಿಸಿತು.

ಆ ಕ್ಷಣದ ನನ್ನ ಮನಸ್ಸನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ. ಅವಳು ಈ ವಿದ್ಯೆಯಲ್ಲಿ ಪಳಗಿದವಳು, ನಾನು ಮೂರು ದಿನದ ವಿದ್ಯಾರ್ಥಿನಿ. ಹಿಂದೆ ಇಬ್ಬರು ಭಾರ ಹೊತ್ತು ನಿಂತಿದ್ದರು, ಬಿಸಿಲು ಏರುತ್ತಿತ್ತು, ದೋಣಿಯವನು ಬೇಗ ಬೇಗ ಎನ್ನುತ್ತಿದ್ದ. ನನ್ನಿಂದಾಗಿ ಈಗಾಗಲೇ ಎಷ್ಟೋ ಸಲ ಎಲ್ಲರಿಗೂ ತಡವಾಗಿತ್ತು. ಮದುವೆಯಾಗಿ ಬಂದ ಮನೆಯಲ್ಲಿ, ಬಂಧುಬಳಗದಲ್ಲಿ, ಸಂಘದ ಸಭೆಗಳಲ್ಲಿ, ಎಲ್ಲಿಯೂ ನಾನು ನಾಲ್ಕು ಜನರ ಕೆಲಸ ನಿಲ್ಲಿಸಿ ಮಾತನಾಡಿದವಳಲ್ಲ. ಅದನ್ನು ಎಲ್ಲರೂ ನನ್ನ ಗುಣವೆಂದೇ ಹೊಗಳಿದ್ದರು. ಹಾಗಾಗಿ ಗೇಜನ್ನು ಕೆಳಗೆ ಬಿಟ್ಟುಬಿಟ್ಟೆ. ಹೌದು, ಒಮ್ಮೆ ಬಿಟ್ಟೇಬಿಟ್ಟೆ. ಅವಳು ದೋಣಿಯ ಅಂಚಿಗೆ ಹೋಗಿ ಕುಳಿತುಕೊಂಡಳು. ಆಗ ನೆನಪಿಗೆ ಬಂದದ್ದು ನನ್ನ ಅಪ್ಪ, ಬಾವಿಯ ಮೆಟ್ಟಿಲ ಮೇಲೆ ಕುಳಿತು ಸೋರೆಬುರುಡೆಯ ಹಗ್ಗವನ್ನು ಮೂರು ಸಲ ಜಗ್ಗುತ್ತಿದ್ದದ್ದು.

“ತಡಿ” ಎಂದೆ. ನನ್ನ ದನಿ ಸ್ವಲ್ಪ ಜೋರಾಗಿಯೇ ಬಂದಿರಬೇಕು, ಎಲ್ಲರೂ ತಿರುಗಿ ನೋಡಿದರು. “ಮುಳ್ಳು ಯಾಕ ಹಿಂಗ ಕುಣ್ಯಾಕತ್ತೈತಿ? ಮತ್ತೊಮ್ಮಿ ಉಸಿರೆಳಿ. ದೊಡ್ಡದು.”

“ಅವ್ವಾ, ನಾ ನೋಡೀನಿ...”

“ನೀ ಬಂಡಿ ನೋಡಿದಿ. ಎಳಿ.”

ಅವಳು ಬೇಸರದಿಂದಲೇ ಗೇಜನ್ನು ಕೈಗೆತ್ತಿಕೊಂಡು ದೀರ್ಘವಾಗಿ ಉಸಿರೆಳೆದಳು. ಮುಳ್ಳು 140ಕ್ಕೆ ಇಳಿಯಿತು. ಉಸಿರು ಬಿಟ್ಟಾಗ 200ಕ್ಕೆ ಮರಳಿತು. ಮತ್ತೆ ಎಳೆದಳು, ಮತ್ತೆ ಇಳಿಯಿತು. ಅವಳ ಮುಖದ ಬಣ್ಣ ಬದಲಾದುದನ್ನು ನಾನು ಕಂಡೆ. ಶಿಕ್ಷಕರು ಎರಡು ಹೆಜ್ಜೆಯಲ್ಲಿ ಬಂದು ಅವಳ ಬೆನ್ನ ಹಿಂದಿನ ವಾಲ್ವಿಗೆ ಕೈ ಹಾಕಿದರು. ಅದು ಕಾಲು ಸುತ್ತು ಮಾತ್ರ ತೆರೆದಿತ್ತು.

ನಡೆದದ್ದು ಇಷ್ಟು. ಅವಳು ಸಿಲಿಂಡರನ್ನು ಜೋಡಿಸುವಾಗ ವಾಲ್ವನ್ನು ಪೂರ್ತಿಯಾಗಿಯೇ ತೆರೆದಿದ್ದಳು. ಆಮೇಲೆ ಕೈನೆರವಿಗೆ ಬಂದ ಯಾರೋ, ಅದು ಮುಚ್ಚಿದೆಯೆಂದು ಭಾವಿಸಿ, ತೆರೆಯುವೆನೆಂದುಕೊಂಡು ವಿರುದ್ಧ ದಿಕ್ಕಿಗೆ ಕೊನೆಯವರೆಗೆ ತಿರುಗಿಸಿ, ಹಳೆಯ ಪದ್ಧತಿಯಂತೆ ಕಾಲು ಸುತ್ತು ಹಿಂದಕ್ಕೆ ಬಿಟ್ಟಿದ್ದಾರೆ. ಪೂರ್ತಿ ತೆರೆದು ಕಾಲು ಸುತ್ತು ಹಿಂದಕ್ಕೆ ತರುವುದು ಒಂದು ಕಾಲದಲ್ಲಿ ವಾಡಿಕೆಯಾಗಿತ್ತು. ಇಂತಹ ಎಡವಟ್ಟುಗಳಿಂದಾಗಿಯೇ ಈಗ ವಾಲ್ವನ್ನು ಪೂರ್ತಿಯಾಗಿ ತೆರೆದೇ ಬಿಡಬೇಕೆಂದು ಕಲಿಸುತ್ತಾರೆ. ಕಾಲು ಸುತ್ತು ತೆರೆದ ವಾಲ್ವಿನಿಂದ ನೀರಿನ ಮೇಲೆ ಉಸಿರಾಡಬಹುದು, ಏನೂ ತಿಳಿಯುವುದಿಲ್ಲ. ಹತ್ತು ಮೀಟರ್ ಆಳದಲ್ಲಿ ಅದೇ ಒಂದು ಉಸಿರಿಗೆ ಎರಡರಷ್ಟು ಗಾಳಿ ಹರಿದುಬರಬೇಕು. ಜೊತೆಗೆ ಸಿಲಿಂಡರಿನ ಒತ್ತಡ ಇಳಿಯುತ್ತ ಹೋದಂತೆ ಆ ಕಿರಿದಾದ ಸಂದಿನಿಂದ ಬರುವ ಗಾಳಿಯೂ ಕುಗ್ಗುತ್ತ ಹೋಗುತ್ತದೆ. ಸಿಲಿಂಡರಿನ ತುಂಬ ಗಾಳಿಯಿದ್ದರೂ ಎಳೆದ ಉಸಿರು ಬಾರದೆ ನಿಲ್ಲುತ್ತದೆ. ಜೊತೆಗಾರರ ಬಳಿ ಹೆಚ್ಚಿನದೊಂದು ಬಾಯಿಕೊಳವೆ ಇರುತ್ತದೆ, ನಿಜ. ಆದರೆ ಆ ಜೊತೆಗಾತಿ ನಾನು, ಮೂರು ದಿನ ಕಲಿತವಳು.

ಶಿಕ್ಷಕರು ಯಾರನ್ನೂ ಬೈಯಲಿಲ್ಲ. ಮಗಳ ವಾಲ್ವನ್ನು ಪೂರ್ತಿಯಾಗಿ ತೆರೆದರು. ಅನಂತರ ದೋಣಿಯಲ್ಲಿದ್ದ ಎಲ್ಲರನ್ನೂ ಕುಳ್ಳಿರಿಸಿ, ಒಬ್ಬೊಬ್ಬರ ಸಿಲಿಂಡರನ್ನೂ ತಾವೇ ಮುಟ್ಟಿ, ಒಬ್ಬೊಬ್ಬರ ಮುಳ್ಳನ್ನೂ ನೋಡಿದರು. ಹತ್ತು ನಿಮಿಷ ತಡವಾಯಿತು. ಯಾರೂ ಗೊಣಗಲಿಲ್ಲ.

ಆ ದಿನ ನಾವು 12 ಮೀಟರ್ ಇಳಿದೆವು. ಐದು ಮೀಟರಿನಲ್ಲಿ ಒಮ್ಮೆ ನಿಂತು, ಒಬ್ಬರ ಬೆನ್ನಿನ ಕಡೆ ಇನ್ನೊಬ್ಬರು ಬಂದು, ಜೋಡಣೆಗಳಿಂದ ಗುಳ್ಳೆ ಏಳುತ್ತಿದೆಯೇ ಎಂದು ನೋಡಿದೆವು. ಅವಳ ಸಿಲಿಂಡರಿನ ಕೊರಳಿನಲ್ಲಿ ಒಂದು ಗುಳ್ಳೆಯೂ ಇರಲಿಲ್ಲ. ಗಿಳಿಯ ಕೊಕ್ಕಿನಂತಹ ಬಾಯಿಯುಳ್ಳ ಮೀನುಗಳು ಬಂಡೆಯ ಹವಳವನ್ನು ಕಟಕಟನೆ ಕಡಿಯುವ ಸದ್ದು ನೀರಿನಲ್ಲಿ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಉಳಿದದ್ದನ್ನು ನಾನು ಹೆಚ್ಚಾಗಿ ನೋಡಲಿಲ್ಲವೆಂದೇ ಹೇಳಬೇಕು. ನನ್ನ ದೃಷ್ಟಿಯೆಲ್ಲ ಅವಳ ಬಾಯಿಯಿಂದ ಏಳುವ ಗುಳ್ಳೆಗಳ ಮೇಲಿತ್ತು.

ಸಂಜೆ ದಡದಲ್ಲಿ ಅವಳು ಇಬ್ಬರ ಸಲಕರಣೆಗಳನ್ನೂ ತಾನೇ ತೊಳೆದಳು. ರೆಗ್ಯುಲೇಟರಿನ ಪುಟ್ಟ ಮುಚ್ಚಳಗಳನ್ನು ಒರೆಸಿ, ಒಣಗಿಸಿ, ಮುಚ್ಚಿದ ಮೇಲೆಯೇ ತೊಟ್ಟಿಗೆ ಇಳಿಸಿದಳು. ಬಹಳ ಹೊತ್ತು ಮಾತಿಲ್ಲ. ರಾತ್ರಿ ಊಟವಾದ ಮೇಲೆ, ಮುಳುಗಿನ ವಿವರ ಬರೆದಿಡುವ ತನ್ನ ಪುಸ್ತಕವನ್ನು ತೆರೆದು ಕುಳಿತು, ತಲೆಯೆತ್ತದೆ ಕೇಳಿದಳು:

“ಅವ್ವಾ, ಮುಳ್ಳು ಎಷ್ಟಕ್ಕ ಇಳಿದಿತ್ತು?”

“ನೂರಾ ನಲವತ್ತಕ್ಕ” ಎಂದೆ.

ಅವಳು ಬರೆದುಕೊಂಡಳು.